ಭಾನುವಾರದ ಚಪ್ಪಲಿ, ಮನೆಯ ಚಪ್ಪಲಿ: ಮುಂಬಯಿಯ ಕನ್ನಡ ಸಭೆಯೊಂದರ ಪಾದ ಆರೈಕೆಯಲ್ಲಿ ಒಂದು ಪ್ರಕರಣ

ಈ ಬರಹದಲ್ಲಿ ಬರುವ ಹಿರಿಯರಿಗೆ 76 ವರ್ಷ. ಮಲಾಡಿನಲ್ಲಿ, ಲಿಫ್ಟ್ ಇಲ್ಲದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಮಗ, ಸೊಸೆ ಮತ್ತು 13 ವರ್ಷದ ಮೊಮ್ಮಗಳ ಜೊತೆ ವಾಸವಾಗಿದ್ದಾರೆ. 19 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರ ಹಾಗೂ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು; ಆದುದರಿಂದ ನಮ್ಮ ಕ್ರೈಸ್ತ ಸಭೆಯ ಮಕ್ಕಳೆಲ್ಲ ಕರೆಯುವಂತೆ ನಾನೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತೇನೆ. ಅವರ ಎಡಗಾಲಿನಲ್ಲಿ ಒಂದು ಹುಣ್ಣು ಹೇಗೆ ಹುಟ್ಟಿತು, ಅದು ಹುಟ್ಟುವ ಮೊದಲೇ ಆ ಕಾಲನ್ನು ಕೈಯಲ್ಲಿ ಹಿಡಿದಿದ್ದ ನನಗೆ ಅದರ ಸೂಚನೆ ಏಕೆ ಸಿಗಲಿಲ್ಲ, ಕಂಡ ಮೇಲೆ ನಾವೆಲ್ಲ ಸೇರಿ ಏನು ಮಾಡಿದೆವು ಎಂಬುದನ್ನು ಕ್ರಮವಾಗಿ ದಾಖಲಿಸುವುದು ಇಲ್ಲಿನ ಉದ್ದೇಶ. ನಾನು ಮುಂಬಯಿಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ 33 ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಈಗ ತಿಂಗಳಿಗೊಮ್ಮೆ, ಆರಾಧನೆ ಮುಗಿದ ಮೇಲೆ, ಸಭೆಯ ಹಿರಿಯರ ಪಾದಗಳನ್ನು ನೋಡುತ್ತೇನೆ.

ನಮ್ಮ ಸಭೆಯವರು ಹೆಚ್ಚಾಗಿ ಕರಾವಳಿಯ ಪ್ರಾಟೆಸ್ಟೆಂಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಶಾಲೆ, ಅಚ್ಚುಕೂಟ, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳ ಆಸರೆಯಲ್ಲಿ ಬೆಳೆದ ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಸ್ವಂತ ಕಟ್ಟಡ ನಮಗಿಲ್ಲ. ಪಶ್ಚಿಮ ಉಪನಗರದಲ್ಲಿ ಬೇರೆ ಭಾಷೆಯ ಸಭೆಯೊಂದರ ದೇವಾಲಯದಲ್ಲಿ, ಅವರ ಆರಾಧನೆ ಮುಗಿದ ಬಳಿಕ ನಮ್ಮದು ನಡೆಯುತ್ತದೆ. ಮಕ್ಕಳು ಮೀರಾ ರೋಡ್, ವಸಾಯಿ, ನವಿ ಮುಂಬಯಿ ಎಂದು ದೂರದೂರ ಮನೆ ಮಾಡಿಕೊಂಡು ಹೋದ ಮೇಲೆ ಬೆಂಚುಗಳಲ್ಲಿ ಉಳಿದವರಲ್ಲಿ ಬಹುಪಾಲು ಜನ ಅರವತ್ತು ದಾಟಿದವರು.

ಪಾದದ ವಿಷಯ ನನ್ನ ಗಮನಕ್ಕೆ ಬಂದದ್ದು ಕರ್ತನ ಭೋಜನದ ಭಾನುವಾರಗಳಲ್ಲಿ. ಎದ್ದು ಮುಂದೆ ಹೋಗುವ ಸಾಲು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿತ್ತು, ಸಭಾಪಾಲಕರು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಬೆಂಚಿನ ಬಳಿಗೇ ತಂದುಕೊಡಬೇಕಾದವರ ಸಂಖ್ಯೆ ಹೆಚ್ಚುತ್ತಿತ್ತು. ಮೊಣಕಾಲು ನೋವು ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ದಿನ ಹಿರಿಯರೊಬ್ಬರ ಕ್ಯಾನ್ವಾಸ್ ಬೂಟಿನ ಮುಂಭಾಗವನ್ನು ಬ್ಲೇಡಿನಿಂದ ಕತ್ತರಿಸಿ ಕಿಟಕಿ ಮಾಡಿದ್ದು ಕಂಡಿತು. ಒಳಗೆ ಹೆಬ್ಬೆರಳಿನ ಉಗುರು ಆಡಿನ ಕೊಂಬಿನಂತೆ ಬಾಗಿ ಪಕ್ಕದ ಬೆರಳಿನ ಮೇಲೆ ಕುಳಿತಿತ್ತು. ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ. ಬಗ್ಗಿ ಉಗುರು ತೆಗೆಯಲು ಅವರಿಗೆ ಆಗುತ್ತಿರಲಿಲ್ಲ, ತೆಗೆಯಿರಿ ಎಂದು ಮನೆಯಲ್ಲಿ ಯಾರಿಗೂ ಹೇಳಲು ಬಾಯಿ ಬಂದಿರಲಿಲ್ಲ. ಆ ವಾರವೇ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಈ ಮಾತೆತ್ತಿದೆ.

ಸಭೆಯೊಂದಕ್ಕೆ ತನ್ನದೇ ನರ್ಸ್ ಇರಬೇಕು ಎಂಬ ವಿಚಾರ ಹೊಸದಲ್ಲ. ಅಮೆರಿಕದ ಲೂಥರನ್ ಸಭಾಪಾಲಕ ಗ್ರೇಂಜರ್ ವೆಸ್ಟ್‌ಬರ್ಗ್ 1984ರಲ್ಲಿ ಶಿಕಾಗೋ ಬಳಿಯ ಸಭೆಗಳಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರು. ನಮ್ಮವರಿಗಂತೂ ಮಿಶನ್ ನರ್ಸ್ ಎಂದರೆ ಮನೆಮಾತು. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆಯನ್ನು ಊರವರು ಇಂದಿಗೂ ಮಿಶನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ದೊಡ್ಡಮ್ಮನ ಇಬ್ಬರು ಮಕ್ಕಳೂ ಹುಟ್ಟಿದ್ದು ಅಲ್ಲಿಯೇ. ಆ ನಂಬಿಕೆಯ ಬಲವೊಂದು ನನ್ನ ಬೆನ್ನಿಗಿತ್ತು. ಕಾಲು ತೋರಿಸಲು ಅದೊಂದೇ ಸಾಲದು ಎಂಬುದು ಆಮೇಲೆ ತಿಳಿಯಿತು.

ನಮ್ಮ ಸಲಕರಣೆಗಳು ಕೆಲವೇ. ಒಂದು ದಿನಕ್ಕೆ ಎಂಟು ಜನರಿಗಿಂತ ಹೆಚ್ಚು ನೋಡುವುದಿಲ್ಲ, ಏಕೆಂದರೆ ಉಗುರು ಕತ್ತರಿಸುವ ನಿಪ್ಪರಿನ ಎಂಟು ಸೆಟ್ ಮಾತ್ರ ನಮ್ಮಲ್ಲಿವೆ, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಬಳಸಿದವನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಸಭೆಯ ದಂತವೈದ್ಯೆಯೊಬ್ಬರ ಕ್ಲಿನಿಕ್ಕಿನಲ್ಲಿ ಆಟೊಕ್ಲೇವ್ ಮಾಡಿಸುತ್ತೇವೆ. 121 ಡಿಗ್ರಿ ಸೆಲ್ಸಿಯಸ್ ಉಗಿಯ ಒತ್ತಡದಲ್ಲಿ ಆದ ಶುದ್ಧಿ ಡೆಟಾಲ್ ನೀರಿನಲ್ಲಿ ಅದ್ದಿಟ್ಟರೆ ಆಗುವುದಿಲ್ಲ. ಉಗುರು ಉಜ್ಜುವ ಕಾಗದದ ಅರವನ್ನು ಅವರೆದುರೇ ಮುರಿದು ಎಸೆಯುತ್ತೇವೆ. ಉಗುರನ್ನು ನೇರವಾಗಿ, ಅಂಚುಗಳಿಗೆ ಇಳಿಯದಂತೆ ಕತ್ತರಿಸುತ್ತೇವೆ. ಮೂಲೆಗೆ ಇಳಿದರೆ ಅದು ಮಾಂಸದೊಳಗೆ ಬೆಳೆದು ಉಗುರುಸುತ್ತು ಆಗುತ್ತದೆ. ಆಣಿ ಕೀಳುವುದು, ಜಡ್ಡನ್ನು ಬ್ಲೇಡಿನಿಂದ ಕೆತ್ತುವುದು, ಒಳಗೆ ಬೆಳೆದ ಉಗುರನ್ನು ಎಬ್ಬಿಸುವುದು ನನ್ನ ಕೆಲಸವಲ್ಲ, ಅದನ್ನು ವೈದ್ಯರಿಗೆ ಕಳಿಸುತ್ತೇನೆ. ಪ್ರತಿಯೊಬ್ಬರಿಗೂ ಒಂದು ಹಾಳೆ ಇದೆ, ಅದರಲ್ಲಿ ಎರಡು ಪಾದಗಳ ರೇಖಾಚಿತ್ರ. ಕಂಡದ್ದನ್ನು ಕಂಡಲ್ಲಿಯೇ ಗುರುತು ಮಾಡುತ್ತೇನೆ.

ದೊಡ್ಡಮ್ಮ ಮೊದಲು ಬಂದದ್ದು ಮೇ ತಿಂಗಳ ಎರಡನೆಯ ಭಾನುವಾರ. ಕಪ್ಪು ಪಟ್ಟಿಯ, ಹಿಮ್ಮಡಿಗೆ ಮೆತ್ತೆಯಿದ್ದ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಕುರ್ಚಿಯಲ್ಲಿ ಕುಳಿತವರೇ ಎರಡೂ ಪಾದಗಳನ್ನು ಹಿಂದಕ್ಕೆಳೆದು ಸೀರೆಯ ನಿರಿಗೆಯೊಳಗೆ ಮುಚ್ಚಿಕೊಂಡರು.

"ಸಿಸ್ಟರ್, ಉಗುರು ಮಾತ್ರ ತೆಗೆದುಬಿಡಿ. ನನ್ನ ಕಾಲನ್ನು ನೀವು ಹಾಗೆಲ್ಲ ಹಿಡಿಯಬಾರದು" ಎಂದರು.

"ಪೇತ್ರನೂ ಹೀಗೆಯೇ ಹೇಳಿದ್ದ, ದೊಡ್ಡಮ್ಮ" ಎಂದೆ. ಯೇಸು ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರ ಬೇಡವೆನ್ನುವ, ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ಅವರಿಗೆ ಬಾಯಿಪಾಠ.

"ಪೇತ್ರನ ಕಾಲು ದಿನಾ ಸಮುದ್ರದ ನೀರಿನಲ್ಲಿ ತೊಳೆದದ್ದು, ಸಿಸ್ಟರ್. ನನ್ನದು ಹಾಗಲ್ಲ" ಎಂದು ನಕ್ಕರು. ನಕ್ಕರೂ ಪಾದ ಹೊರಗೆ ಬರಲಿಲ್ಲ.

ನಮ್ಮಲ್ಲಿ ಹಿರಿಯರ ಪಾದ ಮುಟ್ಟುವುದಕ್ಕೆ ಒಂದೇ ಒಂದು ಅರ್ಥವಿದೆ. ಮದುವೆಯಲ್ಲಿ, ಹಬ್ಬದಲ್ಲಿ, ಊರಿಗೆ ಹೊರಡುವಾಗ ಬಗ್ಗಿ ಮುಟ್ಟುತ್ತೇವೆ. ಒಂದು ಕ್ಷಣ, ಮೇಲಿನಿಂದ. ಅಂಗಾಲನ್ನು ಯಾರೂ ನೋಡುವುದಿಲ್ಲ. ಅಂಗಾಲನ್ನು ಇನ್ನೊಬ್ಬರತ್ತ ತಿರುಗಿಸುವುದೇ ಅಗೌರವ ಎಂದು ಬೆಳೆದವರು ಅವರು. ಹೀಗಾಗಿ ದಿನವೂ ಗೌರವ ಪಡೆಯುವ ಅಂಗವೇ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಇದು ನಮ್ಮ ಸಭೆಯವರಿಗೆ ಮಾತ್ರ ಸೇರಿದ ಮಾತಲ್ಲ. ನಮ್ಮ ಕಟ್ಟಡದ ಹಿಂದೂ ಅಜ್ಜಿಯೊಬ್ಬರ ಕಾಲುಂಗುರ ಊದಿದ ಬೆರಳಿನೊಳಗೆ ಹೂತುಹೋಗಿದ್ದುದನ್ನು ಅವರ ಸೊಸೆ ನೋಡಿದ್ದು ಬೆರಳು ನೀಲಿಗಟ್ಟಿದ ಮೇಲೆ.

ಕೊನೆಗೆ ದೊಡ್ಡಮ್ಮ ಪಾದ ಕೊಟ್ಟರು, ಆದರೆ ನನ್ನ ಮಡಿಲಿನ ಟವೆಲ್ಲಿನ ಮೇಲೆ ಭಾರ ಬಿಡಲೇ ಇಲ್ಲ. ಹೆಬ್ಬೆರಳುಗಳ ಉಗುರು ಹಳದಿಗಟ್ಟಿ ದಪ್ಪವಾಗಿತ್ತು. ಅರ್ಧ ಬ್ಲೇಡಿನಿಂದ ತಾವೇ ಕೆರೆದುಕೊಂಡ ಗುರುತುಗಳಿದ್ದವು. ಎಡಗಾಲಿನ ಹೆಬ್ಬೆರಳು ಬುಡದಲ್ಲಿ ಹೊರಕ್ಕೆ ಉಬ್ಬಿ, ತುದಿಯಲ್ಲಿ ಎರಡನೆಯ ಬೆರಳಿನತ್ತ ವಾಲಿತ್ತು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಗಂಡನ ಗುಮಾಸ್ತಿಕೆ ಹೋದ ಬಳಿಕ ಅವರು ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗ ಸೇರಿ 22 ವರ್ಷ ನಿಂತೇ ದುಡಿದವರು. ಆ ವರ್ಷಗಳೆಲ್ಲ ಆ ಪಾದದಲ್ಲಿ ಬರೆದಿಟ್ಟಂತಿತ್ತು. ಅಂಗಾಲಿನಲ್ಲಿ, ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಬುಡದ ನಡುವೆ, ಐವತ್ತು ಪೈಸೆ ನಾಣ್ಯದಷ್ಟು ಅಗಲದ ಜಡ್ಡು ಕಂಡಿತು. ಇನ್ನಷ್ಟು ನೋಡೋಣವೆಂದು ಬೆಳಕಿಗೆ ತಿರುಗಿಸಹೋದೆ. "ಸಾಕು ಸಿಸ್ಟರ್, ಪಾಪ, ಎಷ್ಟು ಜನ ಕಾಯುತ್ತಿದ್ದಾರೆ" ಎಂದು ಅವರು ಕಾಲೆಳೆದುಕೊಂಡರು.

ನಾನು ಬಿಟ್ಟುಕೊಟ್ಟೆ. ಸ್ಪರ್ಶ ಪರೀಕ್ಷೆಯ ಎಳೆ ಪಕ್ಕದ ತಟ್ಟೆಯಲ್ಲೇ ಇತ್ತು, ಎತ್ತಿಕೊಳ್ಳಲಿಲ್ಲ. "ಇಲ್ಲಿ ಚರ್ಮ ಗಟ್ಟಿಯಾಗಿದೆ, ಮುಂದಿನ ಸಲ ನೋಡೋಣ" ಎಂದಷ್ಟೇ ಹೇಳಿ ಕಳಿಸಿದೆ. ಚಪ್ಪಲಿ ಯಾವುದು ಹಾಕುತ್ತೀರಿ ಎಂದು ಕೇಳಿದ್ದೆ. ಬಾಗಿಲ ಬಳಿಯಿದ್ದ ಕಪ್ಪು ಪಟ್ಟಿಯ ಜೋಡಿಯನ್ನು ತೋರಿಸಿದರು. ಒಳ್ಳೆಯದಿದೆ ಎಂದು ಹಾಳೆಯಲ್ಲಿ ಬರೆದುಕೊಂಡೆ. ಈ ಪ್ರಕರಣದಲ್ಲಿ ನನ್ನಿಂದಾದ ತಪ್ಪುಗಳೆಲ್ಲ ಆ ಹತ್ತು ನಿಮಿಷದೊಳಗೇ ಇವೆ.

ಆ ಎಳೆಯ ಬಗ್ಗೆ ಇಲ್ಲಿಯೇ ಹೇಳಬೇಕು. ಮಾನೊಫಿಲಮೆಂಟ್ ಎಂದು ಕರೆಯುವ ಇದು ಹಿಡಿಗೆ ಸಿಕ್ಕಿಸಿದ ಒಂದು ನೈಲಾನ್ ತಂತು. ಚರ್ಮಕ್ಕೆ ಒತ್ತಿದಾಗ 10 ಗ್ರಾಂ ಒತ್ತಡಕ್ಕೆ ಸರಿಯಾಗಿ ಬಾಗುವಂತೆ ಮಾಡಲಾಗಿದೆ. ಮೊದಲು ಅಂಗೈಗೆ ಮುಟ್ಟಿಸಿ ಅದು ಹೇಗನಿಸುತ್ತದೆ ಎಂದು ತಿಳಿಸಿ, ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ತುದಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಈ ಮೂರು ಕಡೆ ಒತ್ತಿ ಕೇಳಬೇಕು. ಜಡ್ಡಿನ ಮೇಲೆ ಒತ್ತಬಾರದು. ಮುಟ್ಟಿದ್ದು ತಿಳಿಯದಿದ್ದರೆ ಆ ಪಾದ ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿ ಕಳೆದುಕೊಂಡಿದೆ ಎಂದರ್ಥ. ಎಳೆ ಇಲ್ಲದಿದ್ದರೂ ನಡೆಯುತ್ತದೆ: ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ ವಿಧಾನದಲ್ಲಿ ಎರಡೂ ಪಾದಗಳ ಮೊದಲನೆಯ, ಮೂರನೆಯ ಮತ್ತು ಐದನೆಯ ಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿದರೆ ಸಾಕು, ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ಸಂವೇದನೆ ಕುಂದಿದೆ. ಇದನ್ನು ಯಾವ ಮನೆಯಲ್ಲಿಯೂ ಒಂದು ನಿಮಿಷದಲ್ಲಿ ಮಾಡಬಹುದು. ಒತ್ತಬಾರದು, ಉಜ್ಜಬಾರದು, ಅಷ್ಟೆ.

ನೋವು ಕಾವಲುಗಾರನಂತೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಮನಗಾಣಿಸಿದ್ದು ಇದನ್ನೇ: ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ನೋವು ತಿಳಿಯದ ಅಂಗವನ್ನು ಮನುಷ್ಯ ತನಗರಿವಿಲ್ಲದೆಯೇ ಹಾಳುಮಾಡಿಕೊಳ್ಳುತ್ತಾನೆ. ಸಕ್ಕರೆ ಕಾಯಿಲೆಯ ಪಾದಕ್ಕೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ಎಷ್ಟೋ ಜನ ಸಕ್ಕರೆಯ ಅಂಕಿಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ, ತಮ್ಮ ಅಂಗಾಲು ಹೇಗಿದೆ ಎಂದು ಕೇಳಿದರೆ ಮುಖ ನೋಡುತ್ತಾರೆ. ದೊಡ್ಡಮ್ಮನಿಗೂ ಕಾಲಿನಲ್ಲಿ ಮೊದಲು ಜೋಮು ಹಿಡಿಯುತ್ತಿತ್ತಂತೆ, ರಾತ್ರಿ ಉರಿಯುತ್ತಿತ್ತಂತೆ. "ಈಗ ಎರಡು ವರ್ಷದಿಂದ ಎಲ್ಲ ಗುಣವಾಗಿದೆ" ಎಂದು ಮೇ ತಿಂಗಳಲ್ಲಿ ಅವರು ಸಮಾಧಾನದಿಂದ ಹೇಳಿದ್ದರು. ಉರಿ ಹೋದದ್ದು ಗುಣವಾಗಿ ಅಲ್ಲ, ನರಗಳು ಸುಮ್ಮನಾಗಿ. ನರ್ಸ್ ಆಗಿ ನಾನು ಆ ಮಾತಿಗೆ ಕಿವಿ ನಿಮಿರಿಸಬೇಕಾಗಿತ್ತು.

ಜೂನ್ ತಿಂಗಳಲ್ಲಿ ಮಳೆಯಿಂದಾಗಿ ಅವರು ಬರಲಿಲ್ಲ. ಜುಲೈ ಮೂರನೆಯ ಭಾನುವಾರ ಸೊಸೆಯ ಜೊತೆ ಬಂದರು. ತಾವಾಗಿ ತೋರಿಸಲೆಂದು ಬಂದದ್ದಲ್ಲ. ಮನೆಯ ಬಿಳಿ ಕಾಲೊರಸಿನ ಮೇಲೆ ಎರಡು ದಿನ ಕಂದು ಕಲೆ ಕಂಡು ಸೊಸೆಗೆ ಅನುಮಾನ ಬಂದಿತ್ತು. ಕಟ್ಟಡದ ಅಂಗಳದಲ್ಲಿ ಹರಡುಮಟ್ಟ ನಿಂತಿದ್ದ ನೀರನ್ನು ದಾಟಿಯೇ ರಿಕ್ಷಾ ಹತ್ತಿದ್ದರು, ಪಾದಗಳು ಒದ್ದೆಯಾಗಿದ್ದವು. ಒರೆಸಿ ಎತ್ತಿ ನೋಡಿದೆ. ಜಡ್ಡು ಬೆಳ್ಳಗೆ ನೆನೆದು, ನಡುವೆ ಕಡಲೆಕಾಳಿನಷ್ಟು ಕಪ್ಪುಗೆಂಪು ಚುಕ್ಕೆಯಾಗಿ, ಅದರ ಅಂಚಿನಿಂದ ನೀರು ಒಸರುತ್ತಿತ್ತು. ಸಣ್ಣ ವಾಸನೆಯೂ ಇತ್ತು. ಅಂಗೈಯ ಹಿಂಭಾಗವನ್ನು ಎರಡೂ ಪಾದಗಳಿಗೆ ತಾಗಿಸಿ ನೋಡಿದೆ. ಎಡಗಾಲಿನ ಆ ಭಾಗ ಬಿಸಿಯಾಗಿತ್ತು. ಜಡ್ಡಿನ ಸುತ್ತ ದುಂಡಗೆ ಸುಲಿದಂತೆ ಕಾಣುತ್ತಿದ್ದುದು ಏನೆಂದು ಕೇಳಿದಾಗ ಸೊಸೆ ತಡೆದು ಹೇಳಿದಳು: "ಅತ್ತೆ ಮೆಡಿಕಲ್‌ನಿಂದ ಕಾರ್ನ್ ಕ್ಯಾಪ್ ತರಿಸಿ ಹಚ್ಚುತ್ತಿದ್ದಾರೆ, ಸಿಸ್ಟರ್. ನೀವು ಗಟ್ಟಿಯಾಗಿದೆ ಎಂದಿದ್ದಿರಂತಲ್ಲ. ನಿಮಗೆ ತೊಂದರೆ ಯಾಕೆ ಎಂದು."

ಕಾರ್ನ್ ಕ್ಯಾಪಿನಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ. ಸ್ಪರ್ಶವಿರುವವರಿಗೆ ಅದು ಚುರುಗುಟ್ಟಿದರೆ ತೆಗೆದು ಎಸೆಯುತ್ತಾರೆ. ಸ್ಪರ್ಶವಿಲ್ಲದ ಪಾದದಲ್ಲಿ ಅದು ಜಡ್ಡನ್ನೂ ಅದರ ಪಕ್ಕದ ಒಳ್ಳೆಯ ಚರ್ಮವನ್ನೂ ಒಂದೇ ಸಮನೆ ತಿನ್ನುತ್ತ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಬಳಸಲೇಬಾರದು. ಅರ್ಧ ಹೇಳಿ ಬಿಟ್ಟ ನನ್ನ ಮಾತು, ನನಗೆ ತೊಂದರೆ ಕೊಡಬಾರದೆಂಬ ಅವರ ಸಂಕೋಚ, ಎರಡೂ ಸೇರಿ ಆ ಪಟ್ಟಿ ಅಲ್ಲಿ ಅಂಟಿತ್ತು. ಆ ದಿನ ಎಳೆಯಿಂದ ಪರೀಕ್ಷಿಸಿದೆ. ಎಡಗಾಲಿನ ಮೂರು ಕಡೆಯೂ ಅವರಿಗೆ ಏನೂ ತಿಳಿಯಲಿಲ್ಲ; ಬಲಗಾಲಿನಲ್ಲಿ ಕಿರುಬೆರಳಿನ ಬುಡದಲ್ಲಿ ಮಾತ್ರ ತಿಳಿಯಿತು. ಪಾದದ ಮೇಲಿನ ಮತ್ತು ಹರಡಿನ ಒಳಬದಿಯ ಮೂಳೆಯ ಹಿಂದಿನ ನಾಡಿಮಿಡಿತ ಎರಡೂ ಚೆನ್ನಾಗಿ ಸಿಕ್ಕವು. ರಕ್ತ ಹರಿಯುತ್ತಿದೆ, ಮಾಯುವ ಆಸೆ ಇದೆ ಎಂಬುದು ಆ ಹೊತ್ತಿನ ಒಂದೇ ಸಮಾಧಾನ.

ಸಲೈನ್‌ನಿಂದ ತೊಳೆದು, ಒಣ ಗಾಜ್ ಇಟ್ಟು, ಅಂದೇ ಆಸ್ಪತ್ರೆಯೊಂದಕ್ಕೆ ಕಳಿಸಿದೆ. ನೀರಿನಲ್ಲಿ ನಡೆದದ್ದನ್ನೂ ಚೀಟಿಯಲ್ಲಿ ಬರೆದೆ, ಏಕೆಂದರೆ ಮುಂಬಯಿಯ ಮಳೆಗಾಲದಲ್ಲಿ ಗಾಯವಿರುವ ಕಾಲಿಗೆ ನಿಂತ ನೀರು ತಾಗಿದರೆ ಇಲಿಜ್ವರದ ಭಯವಿದೆ; 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಬಳಿಕ ಈ ಜ್ವರದ ವಾರ್ಡುಗಳಲ್ಲಿ ದುಡಿದ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥವರು 24ರಿಂದ 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆಗುಳಿಗೆ ಕೇಳಬೇಕು ಎಂದು ಪಾಲಿಕೆಯೂ ಮಳೆಗಾಲದಲ್ಲಿ ತಿಳಿಸುತ್ತಿರುತ್ತದೆ. ಆ ಗುಳಿಗೆ ಅಲ್ಲಿ ಸಿಕ್ಕಿತು. ಹುಣ್ಣಿಗೆ ಮಾತ್ರ ಮೇಲೊಂದು ಪುಡಿ ಹಾಕಿ, ಆಂಟಿಬಯಾಟಿಕ್ ಬರೆದು, ವಾರ ಬಿಟ್ಟು ಬನ್ನಿ ಎಂದರು. ಜಡ್ಡನ್ನು ತೆಗೆಯಲಿಲ್ಲ, ನಡೆಯಬೇಡಿ ಎನ್ನಲಿಲ್ಲ, ಕಾಲಿಗೆ ಏನು ಹಾಕುತ್ತೀರಿ ಎಂದು ಕೇಳಲಿಲ್ಲ. ಹೀಗೆ ಎರಡು ವಾರ ಕಳೆದವು. ಹುಣ್ಣು ಹಾಗೆಯೇ ಇತ್ತು.

ಆಗ ನಾನೇ ಮನೆಗೆ ಹೋದೆ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಾಗ ತೆಗೆದವರು ದೊಡ್ಡಮ್ಮನೇ. ಹಗಲಿನಲ್ಲಿ ಮನೆಯಲ್ಲಿ ಅವರೊಬ್ಬರೇ ಇರುವುದು. ಅಡುಗೆಮನೆಯ ನೆಲ ಒದ್ದೆಯಿರುತ್ತದೆಂದು ನೀಲಿ ಬಾರಿನ ಹವಾಯಿ ಚಪ್ಪಲಿ ಹಾಕಿಕೊಂಡಿದ್ದರು, ಬ್ಯಾಂಡೇಜಿನ ಮೇಲೆಯೇ. ಎಷ್ಟು ವರ್ಷದ ಚಪ್ಪಲಿಯೋ ತಿಳಿಯದು. ತೆಗೆದುಕೊಡಿ ಎಂದು ಕೇಳಿ ಕಿಟಕಿಯ ಬೆಳಕಿಗೆ ಹಿಡಿದೆ. ಹೆಬ್ಬೆರಳಿನ ಬುಡ ಕೂರುವಲ್ಲಿ ರಬ್ಬರು ಸವೆದು ತಗ್ಗು ಬಿದ್ದಿತ್ತು. ಬೆರಳಿನಿಂದ ಒತ್ತಿದರೆ ಆಚೆಯ ಬೆಳಕು ಕಾಣುವಷ್ಟು ತೆಳು. ತಿರುಗಿಸಿದೆ. ಬಾರು ತೂತಿನಿಂದ ಕಿತ್ತು ಮೇಲೆ ಬರದಂತೆ, ನಾವೆಲ್ಲ ಮಾಡುವ ಹಾಗೆ, ಕೆಳಗಿನ ರಬ್ಬರಿನ ಗುಂಡಿಯ ಮೇಲೆ ಅಡ್ಡವಾಗಿ ಒಂದು ಸೇಫ್ಟಿ ಪಿನ್ ಚುಚ್ಚಿದ್ದರು. ಪಿನ್ನು ತುಕ್ಕು ಹಿಡಿದು ರಬ್ಬರಿನೊಳಗೆ ಕಚ್ಚಿಕೊಂಡಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಅದರ ಕಂಬಿ ತೆಳುವಾದ ರಬ್ಬರನ್ನು ಮೇಲಕ್ಕೆ ತಳ್ಳುತ್ತಿತ್ತು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಮೇ ತಿಂಗಳಲ್ಲಿ ನಾನೇ ಜಡ್ಡಿನ ಗುರುತು ಹಾಕಿದ ಜಾಗ, ಈ ಉಬ್ಬಿನ ಜಾಗ, ಎರಡೂ ಒಂದೇ.

"ದೊಡ್ಡಮ್ಮ, ಇದನ್ನು ಯಾವಾಗ ಚುಚ್ಚಿದಿರಿ?" ಎಂದು ಕೇಳಿದೆ.

"ಕಳೆದ ಕ್ರಿಸ್‌ಮಸ್‌ಗೂ ಮೊದಲು. ಯಾಕೆ ಸಿಸ್ಟರ್? ಚುಚ್ಚುವುದಿಲ್ಲವಲ್ಲ" ಎಂದರು.

ನಾನು ಕಪ್ಪು ಪಟ್ಟಿಯ ಚಪ್ಪಲಿಯನ್ನು ನೋಡಿ ಒಳ್ಳೆಯದು ಎಂದು ಬರೆದಿದ್ದೆ. ವಾರಕ್ಕೆ ಮೂರು ಗಂಟೆ ಅವರ ಕಾಲಿನಲ್ಲಿ ಇರುತ್ತಿದ್ದುದು ಅದು. ಉಳಿದ ಹೊತ್ತೆಲ್ಲ ಅವರ ಭಾರ ಹೊತ್ತದ್ದು ಈ ನೀಲಿ ಬಾರಿನದು. ದೇವಾಲಯಕ್ಕೆ ಬರುವಾಗ ಎಲ್ಲರೂ ತಮ್ಮಲ್ಲಿರುವ ಒಳ್ಳೆಯದನ್ನು ಹಾಕಿಕೊಂಡು ಬರುತ್ತಾರೆ, ಅದು ಸಹಜ. ಆ ಒಳ್ಳೆಯದನ್ನೇ ನೋಡಿ ತೃಪ್ತಿಪಡುವುದು ಪಾದ ಆರೈಕೆಯ ನರ್ಸಿಗೆ ಸಲ್ಲದು.

ಮರುದಿನ ಸಕ್ಕರೆ ಕಾಯಿಲೆಯ ಪಾದಗಳನ್ನೇ ನೋಡುವ ಬೇರೊಂದು ಓಪಿಡಿಗೆ ಅವರ ಜೊತೆ ನಾನೂ ಹೋದೆ, ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು. ಅಲ್ಲಿನ ಶಸ್ತ್ರವೈದ್ಯರು ಮೊದಲು ಮಾಡಿದ್ದು ಸತ್ತ ಜಡ್ಡನ್ನೆಲ್ಲ ಕೆತ್ತಿ ತೆಗೆದದ್ದು. ಕಡಲೆಕಾಳಿನಷ್ಟು ಕಂಡದ್ದು ಒಳಗೆ ರೂಪಾಯಿ ನಾಣ್ಯದಷ್ಟು ಅಗಲವಿತ್ತು. ಕಡ್ಡಿ ಇಳಿಸಿ ನೋಡಿದರು, ಮೂಳೆ ತಾಗಲಿಲ್ಲ. ಎಕ್ಸ್‌ರೇಯಲ್ಲಿಯೂ ಮೂಳೆ ಚೆನ್ನಾಗಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಇತ್ತು, ಮಾತ್ರೆ ಬದಲಾಯಿತು. ಇಂಥ ಹುಣ್ಣಿಗೆ ಯಾವ ಮುಲಾಮಿಗಿಂತಲೂ ದೊಡ್ಡ ಚಿಕಿತ್ಸೆ ಅದರ ಮೇಲೆ ಭಾರ ಬೀಳದಂತೆ ಮಾಡುವುದು. ಮೊಣಕಾಲಿನವರೆಗೆ ಪಾದಕ್ಕೆ ಅಂಟಿದಂತೆ ಹಾಕುವ ಪ್ಲಾಸ್ಟರ್ ಅದಕ್ಕೆ ಬಹಳ ಪರಿಣಾಮಕಾರಿ. ಆದರೆ ಹಗಲೆಲ್ಲ ಒಬ್ಬರೇ ಇರುವ 76ರ ಹಿರಿಯರು ಅದನ್ನು ಹಾಕಿಕೊಂಡು ಬಿದ್ದರೆ ಸೊಂಟವೇ ಮುರಿಯಬಹುದು ಎಂದು ವೈದ್ಯರು ಅದನ್ನು ಬಿಟ್ಟು, ಹುಣ್ಣಿನ ಜಾಗ ಬಿಟ್ಟು ಸುತ್ತ ಅಂಟಿಸುವ ಫೆಲ್ಟ್ ಮೆತ್ತೆ ಮತ್ತು ಎಂಸಿಆರ್ ಚಪ್ಪಲಿ ಬರೆದರು. ಮೈಕ್ರೋಸೆಲ್ಯುಲರ್ ರಬ್ಬರಿನ ಈ ಚಪ್ಪಲಿ ನಮ್ಮಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು ಕುಷ್ಠರೋಗಿಗಳ ಪಾದ ಉಳಿಸಲೆಂದು. ಆ ಹೆಸರಿನ ನೆರಳು ಅದಕ್ಕೆ ಇನ್ನೂ ಅಂಟಿದೆ. ದೊಡ್ಡಮ್ಮ ಒಂದು ದಿನ ಅದನ್ನು ಮುಟ್ಟಲಿಲ್ಲ. ಹಿಮ್ಮಡಿಗೂ ಪಟ್ಟಿಯಿರುವ, ಬೆರಳ ಸಂದಿಯಲ್ಲಿ ಬಾರಿಲ್ಲದ, ನೋಡಲು ಸಾಧಾರಣ ಸ್ಯಾಂಡಲ್ಲಿನಂತೆಯೇ ಇರುವ ಜೋಡಿಯೊಂದನ್ನು ಮಗ ಹುಡುಕಿ ತಂದ ಮೇಲೆ ಒಪ್ಪಿದರು.

ಮುಂದಿನ 15 ವಾರ ಅವರು ಮೆಟ್ಟಿಲು ಇಳಿಯಲಿಲ್ಲ, ಓಪಿಡಿಗೆ ಹೋಗುವ ದಿನಗಳನ್ನು ಬಿಟ್ಟರೆ. ವಾರಕ್ಕೆ ಮೂರು ದಿನ ನಾನು ಹೋಗಿ ಡ್ರೆಸಿಂಗ್ ಮಾಡಿದೆ, ಉಳಿದ ದಿನ ಸೊಸೆ. ಭಾನುವಾರ ಕೂಟದವರು ಇಬ್ಬಿಬ್ಬರಾಗಿ ಹೋಗಿ ಅವರ ಜೊತೆ ಕುಳಿತು ಗೀತೆ ಹಾಡಿ ಬರುತ್ತಿದ್ದರು. ಒಬ್ಬರು ಮೀನು ಶುಚಿ ಮಾಡಿಟ್ಟರೆ ಇನ್ನೊಬ್ಬರು ದೋಸೆಗೆ ರುಬ್ಬಿಡುತ್ತಿದ್ದರು. ಈ ಸಹಾಯವನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ. ಅಡುಗೆಮನೆಯಲ್ಲಿ ನಿಂತೇ ದಿನ ಕಳೆಯುವವರಿಗೆ ನಿಲ್ಲಬೇಡಿ ಎಂದು ಬರೆದುಕೊಟ್ಟರೆ ಸಾಲದು, ಅವರ ಬದಲು ನಿಲ್ಲುವವರು ಬೇಕು. ಆಸ್ಪತ್ರೆಗೆ ಇಲ್ಲದ, ಸಭೆಗೆ ಇರುವ ಬಲ ಇದೇ.

ಸೊಸೆ ಡ್ರೆಸಿಂಗ್ ಕಲಿಯುವುದು ಸುಲಭವಾಗಿರಲಿಲ್ಲ. ಗಾಯ ಕಂಡು ಹೆದರುವವಳಲ್ಲ ಅವಳು. ಆದರೆ ಅತ್ತೆಯ ಕಾಲನ್ನು ತನ್ನ ಮಡಿಲಿನಲ್ಲಿಟ್ಟು ಅಂಗಾಲು ನೋಡುವುದು ಅತ್ತೆಗೂ ಸೊಸೆಗೂ ಹಿಂಸೆಯಾಗುತ್ತಿತ್ತು. ದಾರಿ ಮಾಡಿದವಳು ಮೊಮ್ಮಗಳು. ಅಜ್ಜಿ ಮಂಚದ ಮೇಲೆ ಮಲಗಿ ಟಿವಿ ನೋಡುವಾಗ ಅವಳು ಕಾಲ ಬಳಿ ಕುಳಿತು, ಮೊಬೈಲಿನ ಟಾರ್ಚ್ ಹಾಕಿ, ಎರಡೂ ಅಂಗಾಲುಗಳ ಫೋಟೋ ತೆಗೆದು ನನಗೆ ಕಳಿಸತೊಡಗಿದಳು. ಬೆರಳ ಸಂದಿಗಳನ್ನೂ ಬಿಡಿಸಿ ತೆಗೆಯುತ್ತಾಳೆ. ಮೊಮ್ಮಕ್ಕಳ ಮುಂದೆ ಹಿರಿಯರಿಗೆ ಆ ಸಂಕೋಚ ಇರುವುದಿಲ್ಲ ಎಂಬುದನ್ನು ನಾನು ಆ ಮನೆಯಲ್ಲಿ ಕಲಿತೆ. ಈಗ ಬೇರೆ ಮನೆಗಳಲ್ಲಿಯೂ ಈ ಕೆಲಸವನ್ನು ಮೊದಲು ಮಕ್ಕಳಿಗೇ ಒಪ್ಪಿಸುತ್ತೇನೆ.

ನವೆಂಬರ್ ಕೊನೆಯ ವಾರ ಹುಣ್ಣು ಮುಚ್ಚಿತು. ಆ ಹೊತ್ತಿಗೆ ಎಚ್‌ಬಿಎ1ಸಿ 7.9ಕ್ಕೆ ಇಳಿದಿತ್ತು. ಆದರೂ ಇದನ್ನು ಗುಣವಾಯಿತು ಎಂದು ಬರೆದುಕೊಳ್ಳಲು ಆಗುವುದಿಲ್ಲ. ಒಮ್ಮೆ ಹುಣ್ಣಾಗಿ ಮಾಯ್ದ ಪಾದಗಳಲ್ಲಿ ಸುಮಾರು 40 ಪ್ರತಿಶತದಷ್ಟು ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತವೆ; ಆದುದರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಅಂಥವರನ್ನು ಅತಿ ಹೆಚ್ಚಿನ ಅಪಾಯದ ಮೂರನೆಯ ವರ್ಗದಲ್ಲಿಟ್ಟು, ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕೆನ್ನುತ್ತದೆ. ಸಂವೇದನೆ, ರಕ್ತಸಂಚಾರ ಎರಡೂ ಸರಿಯಿರುವವರಿಗೆ ವರ್ಷಕ್ಕೊಮ್ಮೆ ಸಾಕು. ದೊಡ್ಡಮ್ಮನನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ.

ಈ ಪ್ರಕರಣದ ಬಳಿಕ ನಮ್ಮ ಪದ್ಧತಿಯಲ್ಲಿ ಕೆಲವು ಬದಲಾವಣೆಗಳಾಗಿವೆ. ಉಗುರಿಗೆ ಕೈ ಹಾಕುವ ಮೊದಲೇ ಸ್ಪರ್ಶ ಪರೀಕ್ಷೆ ಆಗಬೇಕು. ಎಷ್ಟು ಜನ ಕಾಯುತ್ತಿದ್ದರೂ ಇದನ್ನು ಮುಂದಕ್ಕೆ ಹಾಕುವುದಿಲ್ಲ. ಸ್ಪರ್ಶ ಕುಂದಿದವರ ಪಾದವನ್ನು ನೀರಿನಲ್ಲಿ ನೆನೆಸುವುದನ್ನು ಬಿಟ್ಟಿದ್ದೇವೆ, ಒರೆಸಿ ಶುಚಿ ಮಾಡುತ್ತೇವೆ. ಮನೆಯಲ್ಲಿ ತೊಳೆಯುವ ನೀರು 37 ಡಿಗ್ರಿ ಮೀರಬಾರದು, ಬಿಸಿ ನೋಡಬೇಕಾದದ್ದು ಪಾದದಿಂದಲ್ಲ, ಮನೆಯ ಬೇರೆಯವರ ಮೊಣಕೈಯಿಂದ ಎಂದು ಹೇಳುತ್ತೇವೆ. ಒಡೆದ ಹಿಮ್ಮಡಿಗೆ ಎಣ್ಣೆಯೋ ವ್ಯಾಸಲೀನೋ ಆಗಬಹುದು, ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿರಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಕೆಸರುಹುಣ್ಣು ತಪ್ಪದು. ಯಾವುದನ್ನಾದರೂ ಕಂಡರೆ ಅರ್ಧ ಮಾತು ಆಡುವುದಿಲ್ಲ: ಏನು ಕಂಡಿತು, ಯಾರಿಗೆ ತೋರಿಸಬೇಕು, ಅಲ್ಲಿಯವರೆಗೆ ಏನನ್ನು ಹಚ್ಚಬಾರದು ಎಂದು ಮೂರನ್ನೂ ಹೇಳಿ, ಮನೆಯವರೊಬ್ಬರಿಗೆ ಫೋನ್ ಮಾಡಿ ತಿಳಿಸುತ್ತೇನೆ. ಮನೆಯಲ್ಲಿ ಹಾಕುವ ಚಪ್ಪಲಿಯನ್ನು ಚೀಲದಲ್ಲಿ ತರಬೇಕೆಂದು ಆರಾಧನೆಯ ಪ್ರಕಟಣೆಗಳಲ್ಲಿ ಸಭಾಪಾಲಕರೇ ಓದುತ್ತಾರೆ. ಮೊದಲ ತಿಂಗಳು ತಂದವರು ಇಬ್ಬರು. ಈಗ ಹೆಚ್ಚಿನವರು ತರುತ್ತಾರೆ. ತಂದ ಚಪ್ಪಲಿಯನ್ನು ತಿರುಗಿಸಿ ನೋಡಿ, ಒಳಗೆ ಕೈಯಾಡಿಸಿ, ಇನ್ನೂ ಮೂರು ಜೋಡಿಗಳಲ್ಲಿ ಪಿನ್ನು ಕಂಡಿದ್ದೇನೆ. ಒಂದರಲ್ಲಿ ಮೊಳೆಯ ತುದಿ ಇತ್ತು.

ಫೆಬ್ರವರಿಯಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಮೊಮ್ಮಗಳ ಫೋಟೋ ಬಂತು. ಎಡಗಾಲಿನ ಮಾಯ್ದ ಕಲೆ ಚೆನ್ನಾಗಿತ್ತು. ಬಲಗಾಲಿನ ಕಿರುಬೆರಳಿನ ಪಕ್ಕದಲ್ಲಿ ಭತ್ತದ ಕಾಳಿನಷ್ಟು ಉದ್ದದ ಕೆಂಪು ಗೆರೆ ಇತ್ತು. ಫೋನ್ ಮಾಡಿ, ಹೊಸ ಸ್ಯಾಂಡಲ್ಲಿನ ಹೊರಬದಿಯ ಪಟ್ಟಿ ಎಲ್ಲಿ ಬರುತ್ತದೆ ನೋಡು ಎಂದೆ. ಅಲ್ಲಿಯೇ ಬರುತ್ತದೆ, ಆಂಟಿ ಎಂದಳು. ಪಟ್ಟಿಯನ್ನು ಒಂದು ತೂತು ಸಡಿಲಿಸಿದರು, ಎರಡು ದಿನ ಆ ಜೋಡಿ ಹಾಕಲಿಲ್ಲ. ಮೂರನೆಯ ದಿನದ ಫೋಟೋದಲ್ಲಿ ಗೆರೆ ಇರಲಿಲ್ಲ. ಮುಂದಿನ ಭಾನುವಾರ ದೊಡ್ಡಮ್ಮ ಬಂದು ಕುರ್ಚಿಯಲ್ಲಿ ಕುಳಿತು, ನಾನು ಟವೆಲ್ ಹಾಸುವ ಮೊದಲೇ ಪಾದವನ್ನು ಮುಂದೆ ಚಾಚಿ, ಅದರ ಭಾರವನ್ನೆಲ್ಲ ನನ್ನ ಮಡಿಲಿನಲ್ಲಿ ಬಿಟ್ಟರು.